ಹಳೇ ಪಿಕಪ್‌ನ ಹಬ್ ಲಾಕ್ ಯಾವಾಗ ಹಾಕಬೇಕು? ಮಲೆನಾಡಿನವರ ಅನುಭವ

ಪ್ರಶ್ನೆ, ಸಕಲೇಶಪುರದ ಹತ್ತಿರದಿಂದ

ನಮಸ್ಕಾರ. ತೋಟದ ಕೆಲಸಕ್ಕೆ ಅಂತ ಹಳೇ ಫೋರ್ ವೀಲ್ ಪಿಕಪ್ ತಗೊಂಡಿದ್ದೇನೆ. ಮುಂದಿನ ಎರಡೂ ಚಕ್ರಗಳಲ್ಲಿ, ಒಂದೊಂದರ ಮಧ್ಯಭಾಗದಲ್ಲೂ ಕೈಯಲ್ಲಿ ತಿರುಗಿಸುವ ಹಬ್ ಇದೆ. ಫ್ರೀ, ಲಾಕ್ ಅಂತ ಎರಡು ಗುರುತು. ಮಾರಿದವರು "ಲಾಕ್ ಮಾಡಿ ಟಾರ್ ರೋಡಲ್ಲಿ ಓಡಿಸಬೇಡಿ, ಗೇರ್ ಬಾಕ್ಸ್ ಹೋಗುತ್ತೆ" ಅಂದರು. ಗ್ಯಾರೇಜಿನವರು "ಯಾವಾಗಲೂ ಲಾಕಲ್ಲೇ ಇರಲಿ" ಅಂತಾರೆ. ಯಾರ ಮಾತು ಕೇಳಲಿ? ಮಳೆಗೆ ಮುಂಚೆ ತಿಳಿದುಕೊಳ್ಳಬೇಕು. ಬಳಸಿದವರು ದಯವಿಟ್ಟು ಹೇಳಿ.

ಮೂಡಿಗೆರೆ ಕಡೆಯಿಂದ

ಇಬ್ಬರು ಹೇಳಿದ್ದೂ ಅರ್ಧರ್ಧ ಸರಿ ಅಣ್ಣ. ಹಬ್ ಬೇರೆ, ಒಳಗಿನ ಫೋರ್ ವೀಲ್ ಲಿವರ್ ಬೇರೆ. ಲಿವರ್ ಹಾಕಿದರೆ ಎಂಜಿನ್ನಿನ ಎಳೆತ, ಅದನ್ನು ಎಡ ಬಲ ಚಕ್ರಕ್ಕೆ ಹಂಚುವ ಮುಂದಿನ ಡಿಫರೆನ್ಷಿಯಲ್‌ಗೆ ಬಂದು ಆಕ್ಸಲ್ ತಿರುಗುತ್ತದೆ. ಆ ಆಕ್ಸಲ್‌ಗೂ ಚಕ್ರಕ್ಕೂ ಕೊಂಡಿ ಹಾಕುವುದು ಹಬ್. ಅದು ಫ್ರೀ ಇದ್ದರೆ ಚಕ್ರ ಬೇರಿಂಗ್ ಮೇಲೆ ತನ್ನಷ್ಟಕ್ಕೆ ಉರುಳುತ್ತದೆ. ಲಿವರ್ ಹಾಕದಿದ್ದಾಗ ಆಕ್ಸಲ್, ಡಿಫರೆನ್ಷಿಯಲ್, ಅದಕ್ಕೆ ಎಳೆತ ತರುವ ಮುಂದಿನ ಪ್ರೊಪೆಲರ್ ಶಾಫ್ಟ್ ಎಲ್ಲ ಸುಮ್ನೆ ನಿಂತಿರುತ್ತವೆ. ಲಾಕ್ ಮಾಡಿದರೆ ಚಕ್ರದ ಜೊತೆ ಅವೂ ತಿರುಗುತ್ತವೆ.

ಹಾಗಾಗಿ ಹಬ್ ಲಾಕ್ ಇದ್ದು ಲಿವರ್ ಟೂ ವೀಲ್‌ನಲ್ಲಿದ್ದರೆ ಟಾರ್ ರೋಡಲ್ಲಿ ಏನೂ ಮುರಿಯುವುದಿಲ್ಲ. ಸ್ವಲ್ಪ ಡೀಸೆಲ್ ಜಾಸ್ತಿ, ಸ್ವಲ್ಪ ಸದ್ದು ಜಾಸ್ತಿ, ಆ ಭಾಗಗಳಿಗೆ ಸ್ವಲ್ಪ ಸವೆತ. ಪೆಟ್ಟು ಬೀಳುವುದು ಒಣ ಟಾರಿನ ಮೇಲೆ ಲಿವರನ್ನೂ ಫೋರ್ ವೀಲ್‌ಗೆ ಹಾಕಿದಾಗ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ದೊಡ್ಡ ಸುತ್ತು ಹಾಕಬೇಕು. ಇಂಥ ಹಳೇ ಗಾಡಿಗಳಲ್ಲಿ ಮುಂದಕ್ಕೂ ಹಿಂದಕ್ಕೂ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ, ಎರಡೂ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಲ್ಲಿ ಚಕ್ರ ಚೂರು ಜಾರಿ ಸರಿಹೋಗುತ್ತದೆ. ಟಾರಿನ ಮೇಲೆ ಜಾರುವುದಿಲ್ಲ, ಒಳಗೆ ಬಿಗಿ ಏರುತ್ತಾ ಹೋಗುತ್ತದೆ. ಸ್ಟೀರಿಂಗ್ ಗಟ್ಟಿಯಾಗುತ್ತದೆ, ಲಿವರ್ ವಾಪಸ್ ಬರಲ್ಲ ಅನ್ನುತ್ತದೆ. ಹಾಗೇ ಓಡಿಸಿ ಪ್ರೊಪೆಲರ್ ಶಾಫ್ಟಿನ ಕೀಲಿನ ಕ್ರಾಸ್ ಮುರಿದ ಗಾಡಿ ನಮ್ಮ ಊರಲ್ಲೇ ನೋಡಿದ್ದೇನೆ. ಲಿವರ್ ಸಿಕ್ಕಿಕೊಂಡರೆ ಬಲ ಹಾಕಬೇಡಿ. ನೇರವಾಗಿ ನಾಲ್ಕಡಿ ರಿವರ್ಸ್ ಹೋಗಿ, ಬಿಗಿ ಬಿಟ್ಟುಕೊಳ್ಳುತ್ತದೆ.

ನಮ್ಮ ಮನೆಯಲ್ಲಿ ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ಎರಡೂ ಹಬ್ ಲಾಕ್. ಮಳೆಗಾಲ ಮುಗಿಯುವವರೆಗೂ ಅದನ್ನು ಮುಟ್ಟುವುದಿಲ್ಲ. ಕೊಟ್ಟಿಗೆಹಾರಕ್ಕೆ ಹೋಗಲಿ, ಚಿಕ್ಕಮಗಳೂರಿಗೆ ಹೋಗಲಿ, ಲಿವರ್ ಟೂ ವೀಲ್. ತೋಟದ ಗೇಟು ದಾಟಿದ ಮೇಲೆ ಲಿವರ್ ಎಳೆದರೆ ಸಾಕು. ಹೂತುಹೋದ ಮೇಲೆ ಹಬ್ ಹಾಕೋಣ ಅಂದುಕೊಂಡರೆ ಕೆಲಸ ಕೆಟ್ಟಿತು. ಚಕ್ರದ ಅರ್ಧಕ್ಕೆ ಕೆಸರು ಬಂದಿರುತ್ತದೆ. ಹಬ್‌ನ ಗುಂಡಿ ಸುತ್ತ ಕೆಂಪು ಮಣ್ಣು ಕಚ್ಚಿರುತ್ತದೆ, ಕಡ್ಡಿ ಹಾಕಿ ಕೆರೆದರೂ ಬೆರಳಿಗೆ ಹಿಡಿತ ಸಿಗುವುದಿಲ್ಲ. ಅಷ್ಟರಲ್ಲಿ ಕಾಲಿಗೆ ಜಿಗಣೆ ಹತ್ತಿರುತ್ತವೆ.

ಬೇಲೂರು ತಾಲ್ಲೂಕಿನಿಂದ

ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಹಬ್ ಹಾಕಿದರೆ ಎರಡೂ ಕಡೆ ಹಾಕಿ. ಮಳೆ ಸುರಿಯುವಾಗ ಡ್ರೈವರ್ ತನ್ನ ಬದಿಯದು ತಿರುಗಿಸಿ ಹತ್ತಿಬಿಡುತ್ತಾನೆ, ಆ ಕಡೆಯದು ಮರೆಯುತ್ತದೆ. ಆಗ ಮುಂದಿನ ಎಳೆತ ಪೂರ್ತಿ ಫ್ರೀ ಇರುವ ಬದಿಗೆ ಹೋಗಿ ಅಲ್ಲಿನ ಆಕ್ಸಲ್ ಸುಮ್ನೆ ಗಿರಗಿರ ತಿರುಗುತ್ತದೆ. ಲಾಕ್ ಆದ ಚಕ್ರಕ್ಕೆ ಏನೂ ಸಿಗಲ್ಲ. ಲಿವರ್ ಫೋರ್ ವೀಲ್‌ನಲ್ಲಿದೆ, ಗಾಡಿ ಮಾತ್ರ ಏರು ಹತ್ತುತ್ತಿಲ್ಲ ಅಂದರೆ ಮೊದಲು ಇಳಿದು ಆ ಬದಿಯ ಹಬ್ ನೋಡಿ.

ಹಾಸನದ ಗ್ಯಾರೇಜಿನಿಂದ

ಹಬ್‌ನಲ್ಲಿ ಫ್ರೀ ಅಂತ ಒಂದು ಸ್ಥಾನ ಕೊಟ್ಟಿರುವುದೇ ಟಾರ್ ರೋಡಿಗಾಗಿ ಸಾರ್. ಎರಡನೇ ಮಹಾಯುದ್ಧದ ಜೀಪುಗಳು ಅಮೆರಿಕದಲ್ಲಿ ಜನರ ಕೈಗೆ ಬಂದಾಗ, ರಸ್ತೆಯಲ್ಲಿ ಹಗುರಾಗಿ ಓಡಲಿ ಅಂತ 1948ರಲ್ಲಿ ಆರ್ಥರ್ ವಾರ್ನ್ ಅನ್ನುವವರು ಇಂಥ ಹಬ್ ಮಾಡಿ ಮಾರಲು ಶುರು ಮಾಡಿದರು. ಬೇಸಿಗೆಯಲ್ಲಿ ಪೇಟೆ ಓಡಾಟವೇ ಜಾಸ್ತಿ ಇದ್ದರೆ ಖಂಡಿತ ಫ್ರೀ ಇಡಿ. ಆದರೆ ತಿಂಗಳಿಗೊಮ್ಮೆಯಾದರೂ ಲಾಕ್ ಮಾಡಿ, ಲಿವರ್ ಟೂ ವೀಲ್‌ನಲ್ಲೇ ಇಟ್ಟು, ಕೆಲವು ಕಿಲೋಮೀಟರ್ ಓಡಿಸಿ. ಡಿಫರೆನ್ಷಿಯಲ್ ತಿರುಗಿದರೆ ತಾನೇ ಮೇಲಿನ ಗೇರು, ಬೇರಿಂಗ್‌ಗೆ ಎಣ್ಣೆ ಹತ್ತುವುದು? ನಿಂತಲ್ಲೇ ನಿಂತರೆ ತುಕ್ಕು ಹಿಡಿಯುತ್ತದೆ, ಸೀಲ್ ಒಣಗುತ್ತದೆ.

ಹಬ್ ಕೈಬೆರಳಿಗೇ ತಿರುಗಬೇಕು. ತಿರುಗಲಿಲ್ಲ ಅಂದರೆ ಒಳಗಿನ ಹಲ್ಲುಗಳು ಒಂದಕ್ಕೊಂದು ಕೂತಿಲ್ಲ. ಗಾಡಿ ಒಂದಡಿ ಮುಂದೆ ಹಿಂದೆ ಮಾಡಿ ಮತ್ತೆ ತಿರುಗಿಸಿ. ಪ್ಲೈಯರ್ ಹಾಕಿ ತಿರುಚಬೇಡಿ, ಗುಂಡಿ ಒಡೆಯುತ್ತದೆ. ಗುರುತು ಪೂರ್ತಿ ಲಾಕ್‌ಗೆ ಬರಬೇಕು, ನಡುವೆ ನಿಂತರೆ ಹಲ್ಲಿನ ತುದಿ ಮಾತ್ರ ಹಿಡಿದು ಲೋಡ್ ಬಿದ್ದಾಗ ಕಟಕಟ ಅಂತ ಸವೆಯುತ್ತದೆ.

ಬಿಚ್ಚಿ ಸರ್ವಿಸ್ ಮಾಡಿಸುವಾಗ ಎದುರಿಗೇ ನಿಂತುಕೊಳ್ಳಿ. ಮುಚ್ಚಳದ ಬೋಲ್ಟ್ ತೆಗೆದ ಮೇಲೆ ಗ್ರೀಸ್ ಬಣ್ಣ ನೋಡಿ. ಮಜ್ಜಿಗೆ ಹಾಗೆ ಬೆಳ್ಳಗಿದ್ದರೆ ಹಳ್ಳ ದಾಟಿದ ನೀರು ಒಳಗೆ ಬಂದಿದೆ. ಆಗ ವೀಲ್ ಬೇರಿಂಗನ್ನೂ ಬಿಚ್ಚಿ ನೋಡಬೇಕು. ಎಲ್ಲ ತೊಳೆದು ಒರೆಸಿ, ಹಲ್ಲುಗಳಿಗೆ ತೆಳ್ಳಗೆ ಗ್ರೀಸ್ ಸವರಿದರೆ ಸಾಕು. ಬೇರಿಂಗ್‌ಗೆ ತುಂಬುವ ಹಾಗೆ ಹಬ್‌ಗೂ ಗಟ್ಟಿ ಗ್ರೀಸ್ ತುಂಬಿಬಿಡುವವರು ಇದ್ದಾರೆ. ಸ್ಪ್ರಿಂಗ್ ತಳ್ಳಲಾಗದೆ ಹಬ್ ಅರ್ಧಕ್ಕೇ ನಿಲ್ಲುತ್ತದೆ.

ಮತ್ತೆ ಪ್ರಶ್ನೆ ಕೇಳಿದವರಿಂದ

ತುಂಬಾ ಉಪಕಾರ ಆಯಿತು. ಇನ್ನೊಂದು ಅನುಮಾನ. ಕಣದಿಂದ ಮೇಲಕ್ಕೆ ಹತ್ತಿಸುವ ಜಾಗ ಗಟ್ಟಿ ನೆಲ. ಹಬ್ ಫ್ರೀ ಇಟ್ಟು ಲಿವರ್ ಮಾತ್ರ ಫೋರ್ ವೀಲ್ ಲೋಗೆ (ವೇಗ ಕಡಿಮೆ, ಎಳೆತ ಜಾಸ್ತಿ) ಹಾಕಿದರೆ ನಡೆಯುತ್ತದಾ?

ಆಲ್ದೂರು ಕಡೆಯಿಂದ

ಖಾಲಿ ಗಾಡಿ ಮೆಲ್ಲಗೆ ರಿವರ್ಸ್ ತೆಗೆಯಲು, ಇಕ್ಕಟ್ಟಿನಲ್ಲಿ ತಿರುಗಿಸಲು ನಾವೂ ಹಾಗೆ ಮಾಡುತ್ತೇವೆ, ತೊಂದರೆಯಿಲ್ಲ. ಕಾಫಿ ಮೂಟೆ ತುಂಬಿಕೊಂಡು ಏರು ಹತ್ತಲು ಮಾತ್ರ ಬೇಡ ಮಾರಾಯ್ರೆ. ಲೋ ಗೇರಿನ ಪೂರ್ತಿ ಎಳೆತ ಹಿಂದಿನ ಆಕ್ಸಲ್ ಒಂದರ ಮೇಲೇ ಬೀಳುತ್ತದೆ. ಹಳೇ ಗಾಡಿಯ ಆಕ್ಸಲ್ ಶಾಫ್ಟ್ ಮುರಿಯುವುದು ಅಲ್ಲೇ.

ಇಳಿಯುವುದನ್ನು ಯಾರೂ ಹೇಳಲಿಲ್ಲ. ನನಗೆ ಹಬ್ ಬೇಕೇಬೇಕು ಅನಿಸುವುದು ಇಳಿಜಾರಿನಲ್ಲಿ. ಹಬ್ ಫ್ರೀ ಇದ್ದರೆ ಎಂಜಿನ್ ಹಿಡಿತ ಹಿಂದಿನ ಚಕ್ರಕ್ಕೆ ಮಾತ್ರ. ಒದ್ದೆ ಮಣ್ಣಿನಲ್ಲಿ ಅದು ಜಾರಿ ಗಾಡಿಯ ಹಿಂಭಾಗ ಅಡ್ಡ ಬರುತ್ತದೆ. ಹಬ್ ಲಾಕ್, ಲಿವರ್ ಲೋ, ಒಂದನೇ ಗೇರು ಹಾಕಿದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಹಿಡಿತ ಸಿಗುತ್ತದೆ. ಕ್ಲಚ್ ತುಳಿಯಬೇಡಿ, ಬ್ರೇಕ್ ಗಟ್ಟಿ ಒತ್ತಬೇಡಿ.

ಈ ಮೇ ತಿಂಗಳೊಳಗೆ ಎರಡೂ ಹಬ್ ಬಿಚ್ಚಿಸಿ. ಗ್ಯಾಸ್ಕೆಟ್, ಸರ್ಕ್ಲಿಪ್ ಎರಡೆರಡು ಜೊತೆ ತಂದು ಗಾಡಿಯಲ್ಲೇ ಇಡಿ. ಹಳೇ ಮಾಡೆಲ್ಲಿನದು ಕೇಳಿದ ದಿನವೇ ಅಂಗಡಿಯಲ್ಲಿ ಸಿಗುವುದಿಲ್ಲ.