ನಲಿ-ಕಲಿ ತರಗತೀಲಿ ಕೂತು ಏನು ಬರ್ಕೋಬೇಕು?

ಮುಳಬಾಗಿಲು_ಬಿಎಡ್: ಸರ್ಕಾರಿ ಶಾಲೇಲಿ ತರಗತಿ ವೀಕ್ಷಣೆ ಮಾಡ್ತಿದೀನಿ. ನಲಿ-ಕಲಿ ಅಲ್ವಾ, ಒಂದರಿಂದ ಮೂರನೇ ಕ್ಲಾಸು ಒಟ್ಟಿಗೇ ಗುಂಪು ಗುಂಪಾಗಿ ಕೂತು ಕಲೀತಾರೆ, ಎಲ್ಲಾ ಕಡೆ ಏನೋ ನಡೀತಿರತ್ತೆ. ಬರೆಯೋಕೆ ತಲೆ ಬಗ್ಗಿಸಿದ್ರೆ ನೋಡೋದು ತಪ್ಪತ್ತೆ. ಪೆನ್ನು ತೆಗೆದ್ರೆ ಮಕ್ಕಳು ಬಂದು ಇಣುಕ್ತಾರೆ. ಅನುಭವ ಇರೋರು ಹೇಳಿ.

ಹಳೇಮೇಷ್ಟ್ರು: ಎಲ್ಲಾ ಗುಂಪು ನೋಡೋಕೆ ಹೋಗ್ಬೇಡಮ್ಮ. ಒಂದು ಗುಂಪು ಹಿಡ್ಕೊ. "ಹುಡುಗ ಸೋಮಾರಿ" ಅಂತ ಬರೆದ್ರೆ ಅದು ನಿನ್ನ ತೀರ್ಪು. "10.40, ಕಿಟಕಿ ಪಕ್ಕದವನು 'ಳ' ಬರೆದ, ಪಕ್ಕದವಳ ಸ್ಲೇಟ್ ನೋಡಿದ, ಎಂಜಲು ಹಚ್ಚಿ ಅಳಿಸಿದ" ಅಂತ ಬರಿ. ಪುಟದ ಎಡಕ್ಕೆ ಕಂಡಿದ್ದು ಕೇಳಿದ್ದು, ಬಲಕ್ಕೆ ನಿನಗನ್ನಿಸಿದ್ದು. ಅಲ್ಲಿ ನಾಲ್ಕು ಪದ ಗೀಚಿದ್ರೆ ಸಾಕು, ವಾಪಸ್ ಬರೋ ಬಸ್ಸಲ್ಲೇ ಬಿಡಿಸಿ ಬರಿ. ಮಲಗಿ ಎದ್ದರೆ ಸಾರಾಂಶ ಉಳಿಯತ್ತೆ, ಮಾತಿನ ಧಾಟಿ ಹೋಗಿರತ್ತೆ.

ಇನ್ನೊಂದು, ನಮ್ಮ ಕೋಲಾರದ ಕಡೆ ಎಷ್ಟೋ ಮಕ್ಕಳು ತಮ್ಮತಮ್ಮಲ್ಲಿ ತೆಲುಗು, ಟೀಚರ್ ಹತ್ರ ಕನ್ನಡ. "ರಾ ರಾ, ಇಕ್ಕಡ ಕೂಚೋ" ಅಂದಿದ್ರೆ ಹಂಗೇ ಬರಿ. ಕನ್ನಡ ಮಾಡಿ ಬರೆದ್ರೆ ಯಾರು ಯಾರ ಹತ್ರ ಯಾವ ಭಾಷೆ ಆಡಿದ್ರು ಅನ್ನೋದೇ ಹೋಯ್ತು.

ನಲಿಕಲಿ_ಟೀಚರ್: ಹಿಂದೆ ಕೂತು ಗೀಚೋರನ್ನ ಕಂಡ್ರೆ ನಮಗೆ ಇನ್ಸ್‌ಪೆಕ್ಷನ್ ನೆನಪಾಗತ್ತೆ. ಬರೆದದ್ದನ್ನ ಟೀಚರ್‌ಗೆ ಒಂದ್ಸಲ ತೋರಿಸಿ. ಮಕ್ಕಳ ಹೆಸರು ಬೇಡ. ಇಣುಕಿದ್ರೆ ಇಣುಕಲಿ ಬಿಡಿ, ವಾರದಲ್ಲಿ ಬೇಜಾರಾಗಿ ಸುಮ್ನಾಗ್ತಾರೆ.

ತುಮಕೂರು_ಸಮಾಜಶಾಸ್ತ್ರ: ಪ್ರತಿ ಪುಟದ ಫೋಟೋ ತೆಗೆದು ಬೇರೆ ಕಡೆ ಇಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಹತ್ತಿರದ ಹಳ್ಳೀಲಿದ್ದು ಮಾಡಿದ್ದ ಟಿಪ್ಪಣಿಗಳನ್ನ ಸಂಸ್ಕರಿಸಿ ಮೂರು ಪ್ರತಿ ಇಟ್ಟಿದ್ರು. ಮೂರೂ ಇದ್ದಿದ್ದು ಒಂದೇ ಕಡೆ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ. 1970ರಲ್ಲಿ ಯಾರೋ ಹಚ್ಚಿದ ಬೆಂಕಿಗೆ ಮೂರೂ ಹೋದ್ವು.