ಸುವರ್ಣ ರಥದೊಳಗೆ ನಮಗೂ ಜಾಗ ಇರಬೇಕಿತ್ತೇ?

ಯಾದವಗಿರಿ ನಿವಾಸಿ:
ಕಳೆದ ಭಾನುವಾರ ಮಗಳನ್ನು ಕೆ.ಆರ್.ಎಸ್. ರಸ್ತೆಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಿದ್ದೆ. ರಾಜಮನೆತನದವರಿಗಾಗಿ ಮಾಡಿದ ರೈಲು ಬೋಗಿ, 1899ರ ಮಹಾರಾಣಿ ಸಲೂನಿನ ಮುಂದೆ ನಿಂತು, "ಇದರಲ್ಲಿ ನಮ್ಮಂಥವರೂ ಹೋಗುತ್ತಿದ್ದರೇ?" ಎಂದು ಕೇಳಿದಳು. ಇಲ್ಲ ಎಂದೆ. ಆಗಲೇ ನಮ್ಮ ರಾಜ್ಯದ ಐಷಾರಾಮಿ ಪ್ರವಾಸಿ ರೈಲು ಸುವರ್ಣ ರಥ ನೆನಪಾಯಿತು. 2008ರಲ್ಲಿ ಅದು ಓಡತೊಡಗಿದಾಗ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ಆದರೆ ನಾವು ಹತ್ತುವಂಥ ಒಂದು ಬೋಗಿಯನ್ನಾದರೂ ಸೇರಿಸಬೇಕಿತ್ತು. ಮುಂಬೈ–ಪುಣೆಯ ಡೆಕ್ಕನ್ ಕ್ವೀನ್ 1930ರ ಜೂನ್ 1ರಂದು ಹೊರಟಾಗ ಅನುಕೂಲಸ್ಥರ ರೈಲು. 1955ರಲ್ಲಿ ಅದಕ್ಕೂ ಮೂರನೇ ದರ್ಜೆ ಬಂದಿತು. ಜನ ಅದನ್ನು ತಮ್ಮದೆಂದುಕೊಂಡಿದ್ದು ಹಾಗೆ.

ಪ್ರವಾಸಿ ಮಾರ್ಗದರ್ಶಿ, ಮೈಸೂರು:
ಹೋಲಿಕೆ ಸರಿಹೊಂದುವುದಿಲ್ಲ ಸರ್. ಡೆಕ್ಕನ್ ಕ್ವೀನ್ ದಿನವೂ ಜನರನ್ನು ಊರು ಮುಟ್ಟಿಸುವ ರೈಲು. ಸುವರ್ಣ ರಥಕ್ಕೆ ಮೇಲ್ಪಂಕ್ತಿ 1982ರಲ್ಲಿ ಶುರುವಾದ ರಾಜಸ್ಥಾನದ ಪ್ಯಾಲೇಸ್ ಆನ್ ವೀಲ್ಸ್. ಊಟ, ನಿದ್ದೆ ರೈಲಿನಲ್ಲಿ. ಹಗಲು ಊರು ನೋಡುವುದು. ಸುವರ್ಣ ರಥ ಶುರುವಾದಾಗ 44 ಕೋಣೆಗಳ ಹೋಟೆಲೇ ಆಗಿತ್ತು. ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದು ನಮ್ಮ ರಾಜವಂಶಗಳ ಹೆಸರು. ಊಟದ ಬೋಗಿಗಳು ನಳ ಮತ್ತು ರುಚಿ. ಹೊರದೇಶದವರೊಬ್ಬರು ತಡವರಿಸುತ್ತ "ಹೊಯ್ಸಳ ಎಂದರೆ ಯಾರು?" ಎಂದು ಕೇಳಿದರೆ ನನಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ.

ಮಂಡ್ಯದ ಪಾಸ್ ಪ್ರಯಾಣಿಕೆ:
ಒಂದು ಸಂಜೆ ನಮ್ಮ ನಿಲ್ದಾಣದಲ್ಲಿ ಆ ನೇರಳೆ ಬಣ್ಣದ ರೈಲು ನಿಧಾನವಾಗಿ ಹಾದುಹೋಯಿತು. ಕಿಟಕಿಯೊಳಗೆ ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಗಾಜಿನ ಲೋಟದಲ್ಲಿ ನೀರು ತುಳುಕುತ್ತಿತ್ತು. ರಥ ಎಂಬ ಹೆಸರು ಕೇಳಿಯೇ ಪಕ್ಕದಲ್ಲಿದ್ದ ಅಜ್ಜಿ ಕೈಮುಗಿದರು. ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅದು ರಾಜ್ಯದ ಪ್ರವಾಸೋದ್ಯಮ ನಿಗಮ ತಂದ ರೈಲು. ಒಳಗೆ ಹೇಗಿದೆ ಎಂದು ನಮ್ಮ ಮಕ್ಕಳು ಒಮ್ಮೆಯಾದರೂ ನೋಡಬೇಡವೇ?

ನಿವೃತ್ತ ರೈಲ್ವೆ ನೌಕರ, ಮೈಸೂರು:
ಯಾದವಗಿರಿಯವರೇ, ಬೆಳಗಿನಿಂದ ಸಂಜೆಯವರೆಗೆ ಒಂದೇ ಊರಿನಲ್ಲಿ ನಿಲ್ಲುವ ರೈಲಿಗೆ ಸಾಮಾನ್ಯ ಬೋಗಿ ಹಾಕಿದರೆ, ಅದನ್ನು ಹತ್ತಿದವರು ಎಲ್ಲಿಗೆ ಹೋಗಬೇಕು? ಇಂಥ ರೈಲಿನ ಕಷ್ಟವೇ ಬೇರೆ. ಪ್ರವಾಸಿಗರು ಬರುವ ತಿಂಗಳುಗಳು ಕೆಲವೇ. ಖಾಲಿ ನಿಂತರೂ ಖರ್ಚು ತಪ್ಪುವುದಿಲ್ಲ. ನಷ್ಟವಾಗಿ ಓಡಾಟ ನಿಂತಿತು, ಆಮೇಲೆ ರೈಲ್ವೆಯ ಪ್ರವಾಸ ಸಂಸ್ಥೆ ಐಆರ್‌ಸಿಟಿಸಿ ವಹಿಸಿಕೊಂಡಿತು. ಮಂಡ್ಯದ ತಂಗಿ ಹೇಳಿದ್ದು ಮಾತ್ರ ಆಗುವ ಕೆಲಸ. ಪ್ರಯಾಣಿಕರು ಅರಮನೆ ನೋಡಲು ಹೋದ ಹೊತ್ತಿನಲ್ಲಿ ಊಟದ ಬೋಗಿ ತೋರಿಸಬಹುದು.

ಪ್ರವಾಸಿ ಮಾರ್ಗದರ್ಶಿ:
ಅದೇ ಹೊತ್ತಿಗೆ ಸಿಬ್ಬಂದಿ ಬೋಗಿ ತೊಳೆದು, ಹಾಸಿಗೆ ಬದಲಿಸುತ್ತಾರೆ. ಅವರನ್ನೂ ಕೇಳಬೇಕು.

ಯಾದವಗಿರಿ ನಿವಾಸಿ:
ಬೋಗಿಯ ಮಾತು ಹಿಂದಕ್ಕೆ ತೆಗೆದುಕೊಂಡೆ. ಮನವಿ ಬರೆಯಲು ನಾನು ಸಿದ್ಧ. ಮಂಡ್ಯದವರೇ, ಮೊದಲ ಸಹಿ ನಿಮ್ಮದಾಗಲಿ.