ದೊಡ್ಡಪ್ಪ, ಪುಟ್ಟಿಯ ಅಗ್ರಿ ಸೀಟಿನ ವಿಷಯ

ದೊಡ್ಡಪ್ಪ, ನಮಸ್ಕಾರ. ನೀವು ಬೆಳಗ್ಗೆ ಗ್ರೂಪಿನಲ್ಲಿ ಹೇಳಿದ್ದು ಈಗ ಕೇಳಿಸಿಕೊಂಡೆ. ಪುಟ್ಟಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ಸಿನಲ್ಲಿ ಬಿಎಸ್ಸಿ ಅಗ್ರಿ ಸೀಟು ಸಿಕ್ಕಿತು ಅಂದದ್ದಕ್ಕೆ, "ಹೊಲ ಉಳೋದನ್ನ ನಾವೇನು ಕಾಲೇಜಿಗೆ ಹೋಗಿ ಕಲಿತ್ವಾ? ಎಂಜಿನಿಯರಿಂಗ್ ಬಿಟ್ಟು ಇದ್ಯಾಕೆ?" ಅಂತ ಕೇಳಿದ್ದೀರಿ. ನಾನೂ ಅಲ್ಲೇ ಓದಿದವನು, ಸುಮ್ನೆ ಇರಲು ಆಗಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಕೊನೆತನಕ ಕೇಳಿ.

ತಾತ ಮೇಲ್ಹೊಲಕ್ಕೆ ಹಾಕುತ್ತಿದ್ದ ಇಂಡಾಫ್ ರಾಗಿ ನೆನಪಿದೆ ಅಲ್ವಾ? ಇಂಡಾಫ್ ಅಂದರೆ ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಮಾಡಿದ ತಳಿ. ಮಾಡಿದವರು ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿದ್ದ ಲಕ್ಷ್ಮಣಯ್ಯನವರು. ಆ ಫಾರಂ ಆಗ ಇದೇ ವಿಶ್ವವಿದ್ಯಾಲಯದ್ದಾಗಿತ್ತು. ರಾಗಿ ಹೂವು ಎಷ್ಟು ಸಣ್ಣದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದು ಅರಳುವುದು ನಡುರಾತ್ರಿ ದಾಟಿದ ಮೇಲೆ, ಕೋಳಿ ಕೂಗುವ ಹೊತ್ತಿನೊಳಗೆ. ತನ್ನ ಪರಾಗದಿಂದ ತಾನೇ ಕಾಳು ಕಟ್ಟಿಬಿಡುತ್ತದೆ. ಅಂಥ ಹೂವಿಗೆ ಇನ್ನೊಂದು ತಳಿಯ ಪರಾಗ ತಾಗಿಸಬೇಕು. ಹುಟ್ಟಿದ ಸಸಿಗಳಲ್ಲಿ ಒಳ್ಳೆಯದನ್ನು ಆರಿಸಬೇಕು, ಮತ್ತೆ ಬಿತ್ತಬೇಕು, ಮತ್ತೆ ಆರಿಸಬೇಕು. ಹೀಗೆ ವರ್ಷಗಟ್ಟಲೆ. ಅವರನ್ನು ಜನ ರಾಗಿ ಬ್ರಹ್ಮ ಅಂತ ಕರೆದದ್ದು ಸುಮ್ಮನೆ ಅಲ್ಲ. ಈಗ ನೀವು ಹಾಕುವ ಜಿಪಿಯು-28 ರಾಗಿ, ಬೆಂಕಿ ರೋಗ ತಡೆಯುತ್ತದೆ ಅಂತ ಊರೆಲ್ಲ ಹೊಗಳುತ್ತೀರಲ್ಲ, ಅದೂ ಈ ವಿಶ್ವವಿದ್ಯಾಲಯದ್ದೇ. ರಾತ್ರಿ ನಿಮ್ಮ ತಟ್ಟೆಗೆ ಬಂದ ಮುದ್ದೆ ಆ ಕಾಲೇಜಿನ ದಾರಿಯಲ್ಲೇ ಬಂದದ್ದು, ದೊಡ್ಡಪ್ಪ.

ಇದರ ಬೇರು ತುಂಬಾ ಹಳೆಯದು. 1899ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟರು, ಮಣ್ಣು, ಬೆಳೆ ಪರೀಕ್ಷೆ ಮಾಡಿ ನೋಡಲಿ ಅಂತ. ಲೆಹ್ಮನ್ ಅನ್ನುವ ವಿಜ್ಞಾನಿ ಕೆಲಸ ಶುರು ಮಾಡಿದರು. ಆಮೇಲೆ 1908ರಲ್ಲಿ ಕೆನಡಾದಿಂದ ಕೋಲ್ಮನ್ ಅನ್ನುವ ವಿಜ್ಞಾನಿ ಬಂದರು. ತೀರ್ಥಹಳ್ಳಿಯ ಚಿಕ್ಕಮ್ಮನೂ ಇದನ್ನು ಕೇಳಿಸಿಕೊಳ್ಳಲಿ. ಮಳೆಗಾಲ ಬಂತು ಅಂದರೆ ನಿಮ್ಮ ತೋಟದಲ್ಲಿ ಮೈಲುತುತ್ತ, ಸುಣ್ಣ ಕಲಸಿ ಅಡಿಕೆ ಗೊನೆಗೆ ಹೊಡೆಸುತ್ತೀರಲ್ಲ, ಮಲೆನಾಡಿನಲ್ಲಿ ಕೊಳೆರೋಗಕ್ಕೆ ಆ ಮದ್ದನ್ನು ಬಳಕೆಗೆ ತಂದವರು ಇದೇ ಕೋಲ್ಮನ್. ಹೆಬ್ಬಾಳದಲ್ಲಿ 1913ರಲ್ಲಿ ಕೃಷಿ ಶಾಲೆ ಬಂತು, 1946ರಲ್ಲಿ ಕಾಲೇಜಾಯಿತು. 1964ರ ಆಗಸ್ಟ್ 21ರಂದು ಜಾಕಿರ್ ಹುಸೇನ್ ಅವರು ವಿಶ್ವವಿದ್ಯಾಲಯ ಉದ್ಘಾಟಿಸಿದರು. ಜಿಕೆವಿಕೆಗೆ 1969ರಲ್ಲಿ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದರು. ಇದರ ಕೆಳಗೇ ಇದ್ದ ಧಾರವಾಡದ ಕೃಷಿ ಕಾಲೇಜು 1986ರಲ್ಲಿ ಬೇರೆ ವಿಶ್ವವಿದ್ಯಾಲಯವಾಯಿತು.

ಇನ್ನು ಓದು. ಪುಸ್ತಕ ಹಿಡಿದು ಕೂರುವುದಷ್ಟೇ ಅಂದುಕೊಳ್ಳಬೇಡಿ. ನಮಗೆ ಒಬ್ಬೊಬ್ಬರಿಗೆ ಒಂದೊಂದು ತುಂಡು ಹೊಲ ಕೊಟ್ಟಿದ್ದರು. ಬಿತ್ತುವುದು, ಕಳೆ ಕೀಳುವುದು, ಗೊಬ್ಬರ ಹಾಕುವುದು ಎಲ್ಲ ನಾವೇ. ಪೇಟೆಯಿಂದ ಬಂದಿದ್ದ ನನ್ನ ರೂಮಿನ ಹುಡುಗನ ಕೈಯಲ್ಲಿ ಮೂರನೇ ದಿನವೇ ಬೊಕ್ಕೆ ಎದ್ದಿತ್ತು. ಅದೇ ಹುಡುಗ ಕೊಯ್ಲಿನ ದಿನ ಯಾರಿಗೂ ತನ್ನ ತೆನೆ ಮುಟ್ಟಲು ಬಿಡಲಿಲ್ಲ! ರಾತ್ರಿ ಊಟ ಆದ ಮೇಲೆ ಹಾಸ್ಟೆಲ್ ಮುಂದಿನ ಲೈಟ್ ಕಂಬದ ಕೆಳಗೆ ಬಲೆ ಹಿಡಿದು ಹುಳು ಹಿಡಿಯುತ್ತಿದ್ದೆವು. ಕೀಟಗಳ ಪೆಟ್ಟಿಗೆ ಮಾಡಿ ಒಪ್ಪಿಸಬೇಕಿತ್ತು. ದುಂಬಿಗೆ ಪಿನ್ ಚುಚ್ಚುವುದಕ್ಕೂ ಲೆಕ್ಕ ಇದೆ. ಬಲಗಡೆಯ ಗಟ್ಟಿ ರೆಕ್ಕೆಯ ಮೇಲೆಯೇ ಚುಚ್ಚಬೇಕು, ನಡುವೆ ಚುಚ್ಚಿದರೆ ಮಾರ್ಕ್ಸ್ ಹೋಯಿತು.

ಕೊನೆಯ ವರ್ಷ ರಾವೆ ಅಂತ ಇರುತ್ತದೆ. ಕಾಲೇಜು ಬಿಟ್ಟು ಹಳ್ಳಿಯಲ್ಲೇ ಉಳಿದು ರೈತರ ಜೊತೆ ಕೆಲಸ ಮಾಡಬೇಕು. ನಾವು ಹೋದ ಮೊದಲ ವಾರ ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿದೆವು. ಕೆರೆಗೆ ನೀಲಿ, ಹೊಲಕ್ಕೆ ಹಸಿರು. ಒಬ್ಬ ಅಜ್ಜಿ ಬಂದು ನಿಂತು ನೋಡಿ, "ಬಾವಿ ಅಲ್ಲಿಲ್ಲ ಮಗ" ಅಂತ ತಾನೇ ಕೂತು ಅಳಿಸಿ, ಹುಣಸೆಮರದ ಪಕ್ಕ ಚುಕ್ಕಿ ಇಟ್ಟಳು. ಆ ಬಾವಿ ಯಾವ ವರ್ಷ ಬತ್ತಿತು, ಅದಾದ ಮೇಲೆ ಯಾರು ಯಾರು ಭತ್ತ ಬಿಟ್ಟು ರಾಗಿಗೆ ಬಂದರು, ಎಲ್ಲ ಹೇಳಿದಳು. ನಮ್ಮ ನೋಟ್‌ಬುಕ್ಕಿನಲ್ಲಿ ಅದರಲ್ಲಿ ಒಂದು ಸಾಲೂ ಇರಲಿಲ್ಲ. ನಾಲ್ಕು ವರ್ಷದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ ಪಾಠ ಅದು ಅಂತ ಈಗಲೂ ಅನ್ನಿಸುತ್ತದೆ. ಹೊಲ ನಿಮಗೆ ಗೊತ್ತು ದೊಡ್ಡಪ್ಪ, ಅದನ್ನು ಯಾರೂ ಅಲ್ಲ ಅನ್ನುವುದಿಲ್ಲ. ನಿಮಗೆ ಗೊತ್ತಿರುವುದನ್ನು ಕೇಳಿ ತಿಳಿಯುವುದಕ್ಕೇ ಅಲ್ಲಿ ಹುಡುಗರನ್ನು ಹಳ್ಳಿಗೆ ಕಳಿಸುತ್ತಾರೆ.

ಇನ್ನೊಂದು ಮಾತು. ಪುಟ್ಟಿಗೆ ಸೀಟು ಬಂದದ್ದು ಕೃಷಿಕರ ಮಕ್ಕಳ ಕೋಟಾದಲ್ಲಿ. ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಇರುತ್ತದೆ, ಬೀಜ, ಗೊಬ್ಬರ, ಸಲಕರಣೆ ಇಟ್ಟು ಇದೇನು ಅಂತ ಕೇಳುತ್ತಾರೆ. ಹುಚ್ಚೆಳ್ಳು ನೋಡಿದ ಕೂಡಲೇ ಗುರುತಿಸಿದೆ ಅಂತ ಅವಳು ನನಗೆ ಫೋನಿನಲ್ಲಿ ಹೇಳಿದಳು. ಎಲ್ಲಿ ನೋಡಿದ್ದೆ ಅಂದರೆ, "ದೊಡ್ಡ ತಾತನ ಅಟ್ಟದ ಮೇಲಿನ ಮಡಕೆಯಲ್ಲಿ" ಅಂದಳು.

ಮುಂದಿನ ಸೋಮವಾರ ಹಾಸ್ಟೆಲ್ಲಿಗೆ ಬಿಡಲು ಹೋಗುತ್ತಿದ್ದೇವೆ. ಕಾರಿನಲ್ಲಿ ನಿಮಗೆ ಜಾಗ ಇಟ್ಟಿದ್ದೇನೆ. ಹಿಂದಿನ ದಿನವೇ ಬಂದುಬಿಡಿ, ದೊಡ್ಡಮ್ಮನನ್ನೂ ಕರೆದುಕೊಂಡು ಬನ್ನಿ.